ಗ್ವಾದಲಿಯಲ್ಲಿ ಮಲಗಿದ ದೇವರು: ತ್ಯಾಗ ಯಾರದು ಅಂತ ಕೇಳುವ ಹಬ್ಬ

ಡಿಸೆಂಬರ್ ಮೂರನೇ ವಾರ ಬಂತೆಂದರೆ ಆಫೀಸುಗಳ ಚಹರೆಯೇ ಬದಲಾಗುತ್ತದೆ. ರಿಸೆಪ್ಷನ್ ಪಕ್ಕ ಪ್ಲಾಸ್ಟಿಕ್ ಮರ, ಅದರ ಮೇಲೆ ಮಿಣಮಿಣ ದೀಪ. ಗ್ರೂಪಿನಲ್ಲಿ ಸೀಕ್ರೆಟ್ ಸಾಂಟಾ ಚೀಟಿ, ಜೊತೆಗೆ "ಗಿಫ್ಟ್ ಐನೂರು ರೂಪಾಯಿ ದಾಟಬಾರದು" ಅನ್ನೋ ಎಚ್ಚರಿಕೆ. ಬೇಕರಿಯಲ್ಲಿ ಪ್ಲಮ್ ಕೇಕಿಗೆ ಸಾಲು. ಎಲ್ಲಾ ಚೆಂದವೇ. ಹಬ್ಬ ಅಂದ ಮೇಲೆ ಸಿಹಿ, ಬೆಳಕು, ಹೊಸ ಬಟ್ಟೆ ಇರಲೇಬೇಕು.

ಆದರೆ ಪಕ್ಕದ ಟೇಬಲಿನ ಕ್ರೈಸ್ತ ಗೆಳತಿಯನ್ನು ಒಮ್ಮೆ ಕೇಳಿ ನೋಡಿ: "ಕ್ರಿಸ್‌ಮಸ್ ಅಂದ್ರೆ ಖರೇನ ಏನವ್ವಾ?" ಮೊದಲು "ಯೇಸು ಹುಟ್ಟಿದ ದಿನ" ಅಂತಾಳೆ. ಇನ್ನೊಂದು ಹೆಜ್ಜೆ ಒಳಗೆ ಹೋಗಿ ಕೇಳಿದರೆ ಬೇರೆ ಉತ್ತರ ಬರುತ್ತದೆ: "ದೇವರು ತನ್ನನ್ನೇ ಕೊಟ್ಟ ದಿನ." ಈ ಎರಡನೇ ಉತ್ತರ ಅಷ್ಟು ಸುಲಭದ್ದಲ್ಲ. ಹುಟ್ಟುಹಬ್ಬದ ನಡುವೆ ತ್ಯಾಗದ ಮಾತು ಎಲ್ಲಿಂದ ಬಂತು? ಕೂಸಿನ ತೊಟ್ಟಿಲ ಹಿಂದೆ ಶಿಲುಬೆ ಯಾಕೆ ಕಾಣುತ್ತದೆ?

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ ಶೇ 1.87. ಅಂದರೆ ನಮ್ಮಲ್ಲಿ ಬಹಳಷ್ಟು ಜನ ಈ ಹಬ್ಬವನ್ನು ನೋಡುವುದು ಹೊರಗಿನಿಂದಲೇ. ಆದರೆ ಅದರ ಒಳಗಿರುವ ಪ್ರಶ್ನೆ ಎಲ್ಲರ ಮನೆಗೂ ಸಂಬಂಧಿಸಿದ್ದು. ಅದನ್ನು ಅರ್ಥ ಮಾಡಿಕೊಳ್ಳಲು ಬೆತ್ಲೆಹೇಮಿನ ಚಿತ್ರಪಟಕ್ಕಿಂತ ಗೋಕಾಕ ತಾಲ್ಲೂಕಿನ ಒಂದು ಹೊಲ ಹೆಚ್ಚು ಸಹಾಯ ಮಾಡುತ್ತದೆ.

ಮೆಳವಂಕಿಯ ಕಡೆ ಡಿಸೆಂಬರ್

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಡಿಸೆಂಬರ್ ಅಂದ್ರೆ ಕಬ್ಬಿನ ಕಟಾವು. ಮೆಳವಂಕಿಯಂಥ ಊರಿನ ರಸ್ತೆಗಳಲ್ಲಿ ಹಗಲು ರಾತ್ರಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಎತ್ತಿನ ಗಾಡಿಗಳು. ಕಬ್ಬು ಕಡಿಯುವ ಗ್ಯಾಂಗಿನವರು ಬೇರೆ ಬೇರೆ ಜಿಲ್ಲೆಗಳಿಂದ, ಪಕ್ಕದ ಮಹಾರಾಷ್ಟ್ರದಿಂದಲೂ ಬರುತ್ತಾರೆ. ಗಂಡ, ಹೆಂಡತಿ, ಸಣ್ಣ ಮಕ್ಕಳು, ಎರಡು ಪಾತ್ರೆ, ಒಂದು ಟ್ರಂಕು. ಹೊಲದ ಬದಿಯಲ್ಲೇ ಗುಡಿಸಲು. ನಸುಕಿನಲ್ಲಿ ತಾಯಿ ಕುಡಗೋಲು ಹಿಡಿದು ಹೋದರೆ, ಕೂಸು ಕಬ್ಬಿನ ರವದಿಯ ಮೇಲೆ ಹಾಸಿದ ಹಳೇ ಸೀರೆಯಲ್ಲಿ ಮಲಗಿರುತ್ತದೆ. ಪಕ್ಕದಲ್ಲಿ ಎತ್ತು ಮೆಲುಕು ಹಾಕುತ್ತಿರುತ್ತದೆ.

ಇನ್ನೊಂದು ನೋಟವೂ ಈ ಭಾಗದವರಿಗೆ ಗೊತ್ತು. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಾರೆ. ಕುರಿ ಕಾಯುವವರು ಕಂಬಳಿ ಹೊದ್ದು, ನಾಯಿ ಜೊತೆ, ಬಯಲಲ್ಲೇ ರಾತ್ರಿ ಕಳೆಯುತ್ತಾರೆ. ತೋಳ ಬಂದೀತು, ಕಳ್ಳ ಬಂದಾನು ಅಂತ ಒಬ್ಬರಾದ ಮೇಲೆ ಒಬ್ಬರು ಎದ್ದು ಕೂರುತ್ತಾರೆ.

ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ಹೇಳುವ ಕಥೆ ಹೆಚ್ಚು ಕಡಿಮೆ ಇದೇ ಲೋಕದ್ದು. ರೋಮಿನ ಚಕ್ರವರ್ತಿ ಔಗುಸ್ತನ ಆಜ್ಞೆ: ಎಲ್ಲರೂ ತಮ್ಮ ತಮ್ಮ ಮೂಲ ಊರಿಗೆ ಹೋಗಿ ಹೆಸರು ಬರೆಸಬೇಕು. ಬಡಗಿ ಯೋಸೇಫ, ದಿನ ತುಂಬಿದ ಮರಿಯ ಇಬ್ಬರೂ ನಜರೇತಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆತ್ಲೆಹೇಮಿಗೆ ಬಂದರು. ಇಳಿದುಕೊಳ್ಳಲು ಜಾಗ ಸಿಗಲಿಲ್ಲ. ಕೂಸು ಹುಟ್ಟಿತು. ತಾಯಿ ಅದನ್ನು ಅರಿವೆಯಲ್ಲಿ ಸುತ್ತಿ ದನಗಳ ಗೋದಲಿಯಲ್ಲಿ ಮಲಗಿಸಿದಳು. ಗೋದಲಿ ಅಂದರೆ ನಮ್ಮ ಕಡೆಯ ಗ್ವಾದಲಿ, ದನಕ್ಕೆ ಮೇವು ಹಾಕುವ ಜಾಗ. ಸುದ್ದಿ ಮೊದಲು ಮುಟ್ಟಿದ್ದು ಅರಮನೆಗಲ್ಲ, ಹೊಲದಲ್ಲಿ ರಾತ್ರಿ ಕುರಿ ಕಾಯುತ್ತಿದ್ದವರಿಗೆ.

ದೇವದೂತ ಅವರಿಗೆ ಕೊಟ್ಟ ಗುರುತೇನು? ಕಿರೀಟವಲ್ಲ, ಸಿಂಹಾಸನವಲ್ಲ. ಅರಿವೆಯಲ್ಲಿ ಸುತ್ತಿದ, ಗ್ವಾದಲಿಯಲ್ಲಿ ಮಲಗಿದ ಕೂಸು. ಕುರಿಗಾಹಿಗಳಿಗೆ ಇದು ತಿಳಿಯುವ ಗುರುತು. ಅರಮನೆಯಲ್ಲಿ ಹುಟ್ಟಿದ್ದರೆ ಅವರನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ದನದ ಕೊಟ್ಟಿಗೆಗೆ ಹೋಗಲು ಯಾರ ಅಪ್ಪಣೆ ಬೇಕು?

ಕ್ರೈಸ್ತರಿಗೆ ಇಲ್ಲಿಂದಲೇ ತ್ಯಾಗ ಶುರುವಾಗುತ್ತದೆ. ಶಿಲುಬೆಗೆ ಇನ್ನೂ ಮೂವತ್ತು ಚಿಲ್ಲರೆ ವರ್ಷ ಇದೆ. ಆದರೆ ಎಲ್ಲವೂ ಇದ್ದವನು ಏನೂ ಇಲ್ಲದವರ ಜಾಗಕ್ಕೆ ಬಂದದ್ದು ಆಗಲೇ ಆಯಿತು. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಪೌಲ ಇದನ್ನೇ ಹೇಳುತ್ತಾನೆ: ದೇವರ ಸ್ವರೂಪದಲ್ಲಿದ್ದವನು ಅದನ್ನು ಹಿಡಿದಿಟ್ಟುಕೊಳ್ಳಲಿಲ್ಲ. ತನ್ನನ್ನು ಬರಿದು ಮಾಡಿಕೊಂಡು, ದಾಸನಾಗಿ, ಕೊನೆಗೆ ಮರಣದವರೆಗೂ ಇಳಿದ. ಗ್ವಾದಲಿ ಈ ಇಳಿಯುವಿಕೆಯ ಮೊದಲ ಮೆಟ್ಟಿಲು.

ಅರಿವೆ, ಬೋಳ, ಒಂಬತ್ತು ಕಿಲೋಮೀಟರ್

ಈ ಕಥೆಯಲ್ಲಿ ಸಣ್ಣ ಸಣ್ಣ ವಸ್ತುಗಳೂ ಮುಂದಿನದನ್ನು ಹೇಳುತ್ತವೆ ಅಂತ ಕ್ರೈಸ್ತ ಪರಂಪರೆ ಓದಿಕೊಂಡು ಬಂದಿದೆ.

ಮೂಡಣ ದೇಶದ ಜ್ಞಾನಿಗಳು ತಂದ ಕಾಣಿಕೆಗಳನ್ನು ನೋಡಿ. ಚಿನ್ನ, ಧೂಪ, ರಕ್ತಬೋಳ. ಚಿನ್ನ ಅರಸನಿಗೆ, ಧೂಪ ದೇವರಿಗೆ. ರಕ್ತಬೋಳ ಯಾಕೆ? ಅದು ಗಿಡದಿಂದ ಒಸರುವ ಕಹಿಯಾದ ಅಂಟು. ಆ ಕಾಲದಲ್ಲಿ ಹೆಣಕ್ಕೆ ಹಚ್ಚುತ್ತಿದ್ದರು. ಯೋಹಾನನ ಸುವಾರ್ತೆಯ ಪ್ರಕಾರ ಯೇಸುವಿನ ದೇಹವನ್ನು ಸಮಾಧಿ ಮಾಡುವಾಗ ನಿಕೊದೇಮ ತಂದದ್ದೂ ಇದನ್ನೇ. ತೊಟ್ಟಿಲು ನೋಡಲು ಬಂದವರು ಸಮಾಧಿಯ ಸಾಮಗ್ರಿ ತಂದಂತಾಯಿತು.

ಹುಟ್ಟಿದಾಗ ಸುತ್ತಿದ್ದು ಅರಿವೆ, ಶಿಲುಬೆಯಿಂದ ಇಳಿಸಿದಾಗ ಸುತ್ತಿದ್ದೂ ಅರಿವೆ. ಮಲಗಿದ ಗ್ವಾದಲಿ ಬೇರೆಯವರದ್ದು, ಇಟ್ಟ ಸಮಾಧಿಯೂ ಅರಿಮಥಾಯದ ಯೋಸೇಫನದ್ದು. ಬೆತ್ಲೆಹೇಮ್ ಅನ್ನೋ ಹೀಬ್ರೂ ಹೆಸರಿಗೆ 'ರೊಟ್ಟಿಯ ಮನೆ' ಅಂತ ಅರ್ಥ. ದನ ಮೇಯುವ ಜಾಗದಲ್ಲಿ ಮಲಗಿದ ಆ ಕೂಸು ಮುಂದೆ ಕೊನೆಯ ಊಟದಲ್ಲಿ ರೊಟ್ಟಿ ಮುರಿದು, ಇದು ನನ್ನ ದೇಹ ಅಂತ ಶಿಷ್ಯರ ಕೈಗಿಟ್ಟ. ಇವತ್ತಿಗೂ ಚರ್ಚಿನ ಪೂಜೆಯ ನಡುಭಾಗ ಅದೇ.

ಇನ್ನೊಂದು ಲೆಕ್ಕ. ಬೆತ್ಲೆಹೇಮಿನಿಂದ ಯೇಸುವನ್ನು ಶಿಲುಬೆಗೇರಿಸಿದ ಜೆರುಸಲೇಮಿಗೆ ಇರುವುದು ಸುಮಾರು ಒಂಬತ್ತು ಕಿಲೋಮೀಟರ್. ಬೈಕಿನಲ್ಲಿ ಹದಿನೈದು ಇಪ್ಪತ್ತು ನಿಮಿಷದ ದಾರಿ. ತೊಟ್ಟಿಲಿಗೂ ಶಿಲುಬೆಗೂ ನಡುವೆ ಅಷ್ಟೇ ಅಂತರ. ಆ ದಾರಿ ನಡೆಯಲು ಅವನಿಗೆ ಒಂದು ಇಡೀ ಬಾಳು ಹಿಡಿಯಿತು.

ಅಂದ ಹಾಗೆ, ಡಿಸೆಂಬರ್ 25 ಅನ್ನೋ ದಿನಾಂಕ ಬೈಬಲಿನಲ್ಲಿ ಇಲ್ಲ. ರೋಮಿನಲ್ಲಿ ಆ ದಿನ ಹಬ್ಬ ಆಚರಿಸಿದ ದಾಖಲೆ ಸಿಗುವುದು 4ನೇ ಶತಮಾನದಲ್ಲಿ, 336ರ ಹೊತ್ತಿಗೆ. ಮೊದಲ ಕ್ರೈಸ್ತರಿಗೆ ದೊಡ್ಡ ಹಬ್ಬ ಅಂದರೆ ಯೇಸುವಿನ ಮರಣ ಮತ್ತು ಪುನರುತ್ಥಾನದ ನೆನಪು. ಹುಟ್ಟಿನ ಹಬ್ಬ ಆಮೇಲೆ ಬಂತು. ಶಿಲುಬೆಯನ್ನು ಕಂಡವರು ಹಿಂದೆ ತಿರುಗಿ ತೊಟ್ಟಿಲನ್ನು ನೋಡಿದರು.

ನಮ್ಮ ಹಾಡಿನ ಭಾಗೀರಥಿ

ತ್ಯಾಗ, ಬಲಿ ಅಂದಾಗ ಕನ್ನಡಿಗರ ಮನಸ್ಸಿಗೆ ಬರುವ ಕಥೆ ಬೇರೆ. 'ಕೆರೆಗೆ ಹಾರ' ಅನ್ನೋ ಜನಪದ ಹಾಡನ್ನು ಶಾಲೆಯಲ್ಲಿ ಓದದವರು ಕಡಿಮೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ನೀರು ಬರುವುದಿಲ್ಲ. ಹೊತ್ತಿಗೆ ತೆಗೆಸಿ ನೋಡಿದರೆ ಮನೆಯ ಸೊಸೆಯನ್ನು ಹಾರ ಕೊಡಬೇಕು ಅನ್ನುತ್ತದೆ. ಹಿರಿಯರೆಲ್ಲ ಸೇರಿ ಆರಿಸುವುದು ಕಿರಿಯ ಸೊಸೆ ಭಾಗೀರಥಿಯನ್ನು. ಅವಳಿಗೆ ವಿಷಯ ತಿಳಿಯುತ್ತದೆ. ತವರಿಗೆ ಹೋಗುತ್ತಾಳೆ, ಗೆಳತಿಯ ಹತ್ತಿರ ಹೋಗುತ್ತಾಳೆ. ಎಲ್ಲೂ ದಾರಿ ಸಿಗದೆ ತಿರುಗಿ ಬಂದು, ಕೆಲಸ ಮಾಡಿ, ಕೆರೆಗೆ ಪೂಜೆಗೆ ಹೋಗುತ್ತಾಳೆ. ನೀರು ಮೆಟ್ಟಿಲು ಮೆಟ್ಟಿಲಾಗಿ ಏರಿ ಅವಳನ್ನು ಮುಚ್ಚುತ್ತದೆ. ದಂಡಿನಿಂದ ಬಂದ ಗಂಡ ಮಾದೇವರಾಯ ಸುದ್ದಿ ತಿಳಿದು ತಾನೂ ಕೆರೆಗೆ ಹಾರುತ್ತಾನೆ.

ಈ ಹಾಡು ನಮ್ಮ ಕರುಳು ಹಿಂಡುವುದು ಯಾಕೆ? ಊರಿಗೆ ನೀರು ಬಂತು, ನಿಜ. ಆದರೆ ಬೆಲೆ ಕೊಟ್ಟವರು ಯಾರು? ಕೆರೆ ಕಟ್ಟಿಸಿದ ಗೌಡ ಅಲ್ಲ. ಗೌಡನ ಮಗನಲ್ಲ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಬಲವಿದ್ದ, 'ಒಲ್ಲೆ' ಅನ್ನಲು ಬಾಯಿಲ್ಲದ ಹೆಣ್ಣುಮಗಳು. ಬಲ ಇದ್ದವರು ತೀರ್ಮಾನ ಮಾಡಿದರು, ಬಲ ಇಲ್ಲದವಳು ಸತ್ತಳು. ಆಮೇಲೆ ಅದಕ್ಕೆ 'ತ್ಯಾಗ' ಅಂತ ಹೆಸರು ಕೊಟ್ಟೆವು.

ಲೋಕದ ಎಷ್ಟೋ ಬಲಿಗಳ ರೀತಿ ಇದೇ. ಅಣೆಕಟ್ಟಿಗೆ ಊರು ಮುಳುಗುವುದು ಬಡವರದ್ದು. ಯುದ್ಧಕ್ಕೆ ಹೋಗುವುದು ರೈತನ ಮಗ. ಮನೆಯ ಖರ್ಚು ಕಡಿಮೆ ಮಾಡಬೇಕಾದಾಗ ಓದು ಬಿಡುವುದು ಅಕ್ಕ.

ಕ್ರಿಸ್‌ಮಸ್ ಹೇಳುವ ಕಥೆ ಈ ದಿಕ್ಕನ್ನು ತಿರುಗಿಸುತ್ತದೆ. ಅಲ್ಲಿ ಕೆಳಗಿಳಿಯುವುದು ಕಿರಿಯ ಸೊಸೆಯಲ್ಲ, ಗೌಡನೇ. ಎಲ್ಲಕ್ಕಿಂತ ದೊಡ್ಡವನು ಅಂತ ಯಾರನ್ನು ನಂಬುತ್ತಾರೋ ಅವನೇ ಬೆಲೆ ಕೊಡುತ್ತಾನೆ. ಇಷ್ಟು ತಿಳಿದರೆ ಹಬ್ಬದ ತಿರುಳು ಅರ್ಧಕ್ಕಿಂತ ಹೆಚ್ಚು ತಿಳಿದ ಹಾಗೆ.

"ಅಪ್ಪ ಮಗನನ್ನ ಕೊಟ್ಟರ ಅದ್ಯಾವ ಪ್ರೀತಿ?"

ಇಲ್ಲಿ ಒಂದು ನ್ಯಾಯವಾದ ತಕರಾರು ಏಳುತ್ತದೆ. ಸಂಡೇ ಸ್ಕೂಲಿಗೆ ಹೋದ ಮಕ್ಕಳೆಲ್ಲ ಬಾಯಿಪಾಠ ಮಾಡುವ ಯೋಹಾನ 3:16ರ ಸಾರ ಏನು? ದೇವರು ಲೋಕವನ್ನು ಎಷ್ಟು ಪ್ರೀತಿಸಿದನೆಂದರೆ ತನ್ನ ಒಬ್ಬನೇ ಮಗನನ್ನು ಕೊಟ್ಟ. ಹಾಗಾದರೆ ಇದೂ ಮಲ್ಲನಗೌಡನ ಕಥೆಯೇ ಆಯಿತಲ್ಲ? ಅಪ್ಪ ಮೇಲೆ ಕೂತು ಮಗನನ್ನು ಸಾಯಲು ಕಳಿಸಿದರೆ ಅದಕ್ಕೆ ಪ್ರೀತಿ ಅಂತ ಹೇಗೆ ಅನ್ನೋದು?

ಕ್ರೈಸ್ತ ನಂಬಿಕೆ ಈ ಪ್ರಶ್ನೆಗೆ ಕೊಡುವ ಉತ್ತರವನ್ನು ನಿಧಾನವಾಗಿ ನೋಡಬೇಕು.

ಮೊದಲನೆಯದು, ಆ ಮಗ ದೇವರಿಗೆ ಹೊರಗಿನವನಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವುದು ಕ್ರೈಸ್ತರ ಮೂಲ ನಂಬಿಕೆ. ಆದ್ದರಿಂದ ಮಗನನ್ನು ಕೊಟ್ಟ ಅಂದರೆ ಬೇರೆ ಯಾರನ್ನೋ ಮುಂದೆ ತಳ್ಳಿದ ಅಂತಲ್ಲ, ತನ್ನನ್ನೇ ಕೊಟ್ಟ ಅಂತ. ಗ್ವಾದಲಿಯಲ್ಲಿ ಮಲಗಿದ ಕೂಸು ದೇವರು ಕಳಿಸಿದ ಆಳಲ್ಲ, ದೇವರೇ. ಯೇಸುವಿಗೆ 'ಇಮ್ಮಾನುವೇಲ್' ಅನ್ನೋ ಹೆಸರನ್ನೂ ಸಲ್ಲಿಸುವುದು ಇದಕ್ಕೇ. ಅದರ ಅರ್ಥ 'ದೇವರು ನಮ್ಮ ಜೊತೆ'.

ಎರಡನೆಯದು, ಅವನಿಗೆ 'ಒಲ್ಲೆ' ಅನ್ನುವ ಬಲವಿತ್ತು. ಯೋಹಾನನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಯೇಸು ತನ್ನನ್ನು ಒಳ್ಳೆಯ ಕುರುಬನಿಗೆ ಹೋಲಿಸಿಕೊಂಡು, ತನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ತಾನಾಗಿಯೇ ಕೊಡುತ್ತಿದ್ದೇನೆ ಅನ್ನುತ್ತಾನೆ. ಕೊನೆಯ ರಾತ್ರಿ ಗೆತ್ಸೆಮನೆ ತೋಟದಲ್ಲಿ ಅವನು ಹೆದರಿದ, ಅತ್ತ, ಈ ಪಾತ್ರೆ ಸಾಧ್ಯವಾದರೆ ನನ್ನಿಂದ ಸರಿಯಲಿ ಅಂತ ಬೇಡಿದ. ಓಡಿ ಹೋಗಲು ಕತ್ತಲಿತ್ತು, ದಾರಿಯಿತ್ತು. ಹೋಗಲಿಲ್ಲ. ಭಾಗೀರಥಿಗೆ ಈ ದಾರಿ ಇರಲಿಲ್ಲ. ಎರಡು ಕಥೆಗಳ ನಡುವಿನ ದೊಡ್ಡ ವ್ಯತ್ಯಾಸ ಇದು.

ಮೂರನೆಯದು, ಬೈಬಲಿನ ದೇವರು ನರಬಲಿ ಕೇಳುವವನಲ್ಲ. ಅಬ್ರಹಾಮ ಮಗ ಇಸಾಕನನ್ನು ಬಲಿ ಕೊಡಲು ಕೈ ಎತ್ತಿದಾಗ ದೇವರೇ ಆ ಕೈ ತಡೆದ ಕಥೆ ಹಳೆಯ ಒಡಂಬಡಿಕೆಯಲ್ಲಿದೆ. ನನಗೆ ಬಲಿಗಿಂತ ಕರುಣೆ ಬೇಕು ಅನ್ನುವ ಅರ್ಥದ ಮಾತನ್ನು ಪ್ರವಾದಿ ಹೋಶೇಯ ಹೇಳಿದ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಅದನ್ನು ಎರಡು ಸಲ ನೆನಪಿಸುತ್ತಾನೆ. ಇಬ್ರಿಯರಿಗೆ ಬರೆದ ಪತ್ರದ ವಾದವೂ ಇಷ್ಟೇ: ಆ ಒಂದು ಸಲದ ಅರ್ಪಣೆಯಿಂದ ಬಲಿಗಳ ಕಾಲ ಮುಗಿಯಿತು. ಇನ್ನು ದೇವರ ಹೆಸರಿನಲ್ಲಿ ಯಾರನ್ನೂ ಹಾರ ಕೊಡಬೇಕಾಗಿಲ್ಲ.

ಹಾಡಿನ ಕೊನೆಗೆ ಮಾದೇವರಾಯ ಕೆರೆಗೆ ಹಾರಿದ್ದನ್ನು ಇಲ್ಲಿ ನೆನೆಯಬಹುದು. ಅವನನ್ನು ಯಾರೂ ತಳ್ಳಲಿಲ್ಲ. ಪ್ರೀತಿ ಅವನನ್ನು ನೀರಿಗೆ ಎಳೆಯಿತು. ಆದರೆ ತಡವಾಗಿತ್ತು, ಇಬ್ಬರೂ ಉಳಿಯಲಿಲ್ಲ. ಕ್ರೈಸ್ತರು ಹೇಳುವುದು, ನಮ್ಮ ಹಿಂದೆ ನೀರಿಗೆ ಹಾರಿದವನು ಮೂರನೇ ದಿನ ಎದ್ದು ಬಂದ, ಕೈ ಹಿಡಿದು ನಮ್ಮನ್ನೂ ಎಳೆದುಕೊಂಡ ಅಂತ.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಭಾಗದ ಊರುಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಈ ಮಾತು ಬೇಗ ಅರ್ಥವಾದೀತು. ದಂಡೆ ಮೇಲೆ ನಿಂತು "ಹಿಂಗ ಬಾ, ಹಂಗ ಬಾ" ಅಂತ ಕೂಗುವವರು ಬೇಕಾದಷ್ಟು ಜನ ಇರುತ್ತಾರೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವವನು ಬೇರೆಯೇ. ಧರ್ಮಗಳು ದಾರಿ ಹೇಳುತ್ತವೆ, ಕ್ರಿಸ್‌ಮಸ್ ಇಳಿದು ಬಂದವನ ಹಬ್ಬ ಅನ್ನುವುದು ಕ್ರೈಸ್ತರ ಸಾಕ್ಷಿ.

ಕನ್ನಡಕ್ಕೆ ಈ ಮಾತು ಬಂದ ದಾರಿ

ಈ ಕಥೆ ಉತ್ತರ ಕರ್ನಾಟಕಕ್ಕೆ ಬಂದು ಇನ್ನೂರು ವರ್ಷ ದಾಟಿತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರೂ ಅವರ ಜೊತೆಗಾರರೂ ಕನ್ನಡ ಕಲಿತು ದುಡಿದಿದ್ದರಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಅದೇ ಸಂಸ್ಥೆಯ ಜೋಸೆಫ್ ಟೇಲರ್ 1820ರಲ್ಲಿ ಬಳ್ಳಾರಿಯಿಂದ ಬೆಳಗಾವಿಗೆ ಬಂದರು. 1904ರಲ್ಲಿ ಬೆಳಗಾವಿಯ ಕೆಲಸ ಅಮೆರಿಕದ ಮೆಥೋಡಿಸ್ಟ್ ಸಭೆಗೆ ಹೋಯಿತು. ಗೋವಾ ಹತ್ತಿರವಿದ್ದುದರಿಂದ ಕೊಂಕಣಿ ಮಾತಾಡುವ ಕಥೋಲಿಕರೂ ಬೆಳಗಾವಿ, ಖಾನಾಪುರ ಕಡೆ ನೆಲೆಸಿದರು. ಅವರ ಮನೆಯ ಕ್ರಿಸ್‌ಮಸ್ ನೆವ್ರಿ ಮತ್ತು ನಮ್ಮ ಕರ್ಚಿಕಾಯಿ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ.

ಹೊರಗಿನಿಂದ ಬಂದವರಿಗೆ ಒಂದು ಕಷ್ಟ ಇತ್ತು. ತ್ಯಾಗದ ಈ ಮಾತನ್ನು ಕನ್ನಡದ ಯಾವ ಶಬ್ದದಲ್ಲಿ ಹೇಳುವುದು? ಫರ್ಡಿನೆಂಡ್ ಕಿಟ್ಟೆಲ್ ಅಂದ ಕೂಡಲೇ ನಮಗೆ ನೆನಪಾಗುವುದು 1894ರ ನಿಘಂಟು. ಆದರೆ ಅದಕ್ಕೂ ಮೊದಲು, 1862ರಲ್ಲಿ, ಕಿಟ್ಟೆಲ್ 'ಕಥಾಮಾಲೆ' ಅಂತ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಬರೆದರು. 1872ರಲ್ಲಿ ಮಂಗಳೂರಿನಿಂದ 'ಯಜ್ಞಸುಧಾನಿಧಿ' ಬಂತು. ವೇದಕಾಲದ ಯಜ್ಞದ ಕಲ್ಪನೆಯನ್ನು ಓದಿಕೊಂಡು ಅದರ ಪಕ್ಕದಲ್ಲಿ ಕ್ರಿಸ್ತನ ಬಲಿಯನ್ನು ಇಟ್ಟು ನೋಡುವ ಯತ್ನ ಅದು. ಅದರ ಎಲ್ಲಾ ವಾದವನ್ನೂ ಇಂದು ಎಲ್ಲರೂ ಒಪ್ಪಲಿಕ್ಕಿಲ್ಲ. ಆದರೆ ಶಬ್ದಕ್ಕಾಗಿ ಕನ್ನಡದ, ಸಂಸ್ಕೃತದ ಒಳಗೇ ಹುಡುಕಿದ ಶ್ರಮ ದೊಡ್ಡದು.

ಕ್ರೈಸ್ತರಲ್ಲದವರ ಮನಸ್ಸನ್ನೂ ಈ ತ್ಯಾಗ ತಟ್ಟಿದೆ. ಕಾಸರಗೋಡಿನ ಮಂಜೇಶ್ವರದ ಎಂ. ಗೋವಿಂದ ಪೈ ಯೇಸುವಿನ ಕೊನೆಯ ದಿನವನ್ನು ವಸ್ತುವಾಗಿಟ್ಟುಕೊಂಡು 'ಗೊಲ್ಗೊಥಾ' ಅನ್ನೋ ಖಂಡಕಾವ್ಯ ಬರೆದರು. ಬುದ್ಧನ ಕೊನೆಯ ದಿನದ ಮೇಲೆ 'ವೈಶಾಖಿ' ಬರೆದವರೂ ಅವರೇ. ಇನ್ನು ನಮ್ಮ ಬೆಳಗಾವಿ ಜಿಲ್ಲೆಯಲ್ಲೇ, ಬೈಲಹೊಂಗಲ ಕಡೆಯ ದೇಶನೂರಿನಲ್ಲಿ, ಯೇಸು ಸಭೆಯ ಸನ್ಯಾಸಿಗಳು ವಿರಕ್ತ ಮಠದ ಮಾದರಿಯಲ್ಲಿ ಆಶ್ರಮ ಕಟ್ಟಿಕೊಂಡು, ಕಾವಿ ತೊಟ್ಟು ಬದುಕಿದ್ದಾರೆ. ಶರಣರ ದಾಸೋಹದ ನೆಲದಲ್ಲಿ, ಶಿಷ್ಯರ ಕಾಲು ತೊಳೆದ ಗುರುವಿನ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಕ್ಕಿಲ್ಲ.

ಮಿರಜದ ದವಾಖಾನಿ

ಮಾತಾಯಿತು, ಕೆಲಸ? ಗೋಕಾಕ, ರಾಯಬಾಗ, ಹುಕ್ಕೇರಿ ಕಡೆಯ ಹಿರಿಯರನ್ನು ಕೇಳಿ. "ಭಾಳ ಸೀರಿಯಸ್ ಆಗಿತ್ತರಿ, ಮಿರಜಕ್ಕ ಒಯ್ದಿವಿ" ಅನ್ನೋ ಮಾತು ಎಷ್ಟೋ ಮನೆಗಳಲ್ಲಿದೆ. ಘಟಪ್ರಭಾ, ರಾಯಬಾಗ, ಕುಡಚಿ ಸ್ಟೇಷನ್ನುಗಳಲ್ಲಿ ರೈಲು ಹತ್ತಿದರೆ ಮಿರಜ.

ಕೆನಡಾ ಮೂಲದ ಡಾ. ವಿಲಿಯಂ ವಾನ್ಲೆಸ್ 1889ರಲ್ಲಿ ಭಾರತಕ್ಕೆ ಬಂದರು. 1894ರಲ್ಲಿ ಮಿರಜದಲ್ಲಿ ಮಿಷನ್ ಆಸ್ಪತ್ರೆ ಶುರುವಾಯಿತು. ಮುಂದೆ ವೈದ್ಯ ಶಿಕ್ಷಣ, ಕ್ಷಯರೋಗಿಗಳಿಗೆ ಸ್ಯಾನಿಟೋರಿಯಂ, ಕುಷ್ಠರೋಗಿಗಳಿಗೆ ಬೇರೆ ಆಸ್ಪತ್ರೆ ಬಂದವು. ಕ್ಷಯಕ್ಕೆ ಆಗ ಔಷಧವಿರಲಿಲ್ಲ. ಕುಷ್ಠ ಬಂದವರನ್ನು ಮನೆಯವರೇ ಹೊರಗಿಡುತ್ತಿದ್ದ ಕಾಲ. ಅಂಥವರನ್ನು ಕೈಯಿಂದ ಮುಟ್ಟಿ, ಗಾಯ ತೊಳೆದು, ಪಕ್ಕದಲ್ಲಿ ಕೂತವರು ತಮಗೂ ಆ ರೋಗ ಅಂಟೀತು ಅನ್ನೋದನ್ನು ತಿಳಿದೇ ಕೂತಿದ್ದರು.

ಮಿಷನ್ನುಗಳ ಇತಿಹಾಸದಲ್ಲಿ ಚರ್ಚೆ ಆಗಬೇಕಾದ ವಿಷಯಗಳಿವೆ. ಬ್ರಿಟಿಷ್ ಆಳ್ವಿಕೆಯ ನೆರಳು, ಮತಾಂತರದ ಉದ್ದೇಶ ಎರಡೂ ಅಲ್ಲಿದ್ದವು. ಅದನ್ನು ಮುಚ್ಚಿಡಬೇಕಾಗಿಲ್ಲ. ಹಾಗೆಯೇ, ರೋಗಿಯ ಹಾಸಿಗೆ ಪಕ್ಕ ರಾತ್ರಿ ಕಳೆದ ನರ್ಸಮ್ಮಂದಿರ ದುಡಿಮೆಯನ್ನೂ ಮರೆಯಬೇಕಾಗಿಲ್ಲ. ಗ್ವಾದಲಿಗೆ ಇಳಿದ ದೇವರನ್ನು ನಂಬಿದವರು ವಾರ್ಡಿಗೆ ಇಳಿದರು.

ಎರಡು 3:16

ಯೋಹಾನ 3:16 ಎಲ್ಲರಿಗೂ ಗೊತ್ತು. ಟೀ ಶರ್ಟಿನ ಮೇಲೆ, ಆಟೋ ಹಿಂದೆ ಕಾಣುತ್ತದೆ. ಅದೇ ಹೆಸರಿನಲ್ಲಿರುವ ಮೊದಲ ಪತ್ರದ ಮೂರನೇ ಅಧ್ಯಾಯದ 16ನೇ ವಾಕ್ಯವನ್ನು ನೋಡುವವರು ಕಡಿಮೆ. ಅದರ ಸಾರ: ಅವನು ನಮಗಾಗಿ ಪ್ರಾಣ ಕೊಟ್ಟಿದ್ದರಿಂದ ಪ್ರೀತಿ ಅಂದರೇನು ಅಂತ ನಮಗೆ ತಿಳಿಯಿತು, ನಾವೂ ಒಬ್ಬರಿಗೊಬ್ಬರು ಹಾಗೇ ಕೊಟ್ಟುಕೊಳ್ಳಬೇಕು. ಮುಂದಿನ ವಾಕ್ಯ ಇನ್ನೂ ನೇರ: ಕೈಯಲ್ಲಿ ಇದ್ದೂ, ಕಷ್ಟದಲ್ಲಿರುವ ಸೋದರನನ್ನು ಕಂಡೂ ಕರುಳು ಬಿಗಿಹಿಡಿದವನಲ್ಲಿ ದೇವರ ಪ್ರೀತಿ ಹೇಗೆ ನಿಂತೀತು?

ಮೊದಲ 3:16 ದೇವರು ಕೊಟ್ಟಿದ್ದರ ಬಗ್ಗೆ. ಎರಡನೆಯದು ನಮ್ಮ ಕೊಡುವಿಕೆಯ ಬಗ್ಗೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಕ್ರಿಸ್‌ಮಸ್ ಬರೀ ಅಲಂಕಾರ ಆಗುತ್ತದೆ.

ಆದರೆ ಹುಷಾರು. 'ತ್ಯಾಗ' ಅನ್ನೋ ಶಬ್ದವನ್ನು ನಮ್ಮ ಮನೆಗಳಲ್ಲಿ ಬಹಳ ಸಲ ತಪ್ಪು ಜಾಗದಲ್ಲಿ ಬಳಸುತ್ತೇವೆ.

"ಯವ್ವಾ, ನೀ ಉಂಡೇನ?"

"ನಂದ ಆತು ಬಿಡೋ ತಮ್ಮಾ, ನೀ ಉಣ್ಣು."

ಆಗಿರುವುದಿಲ್ಲ. ತಳದಲ್ಲಿ ಉಳಿದದ್ದು ಅವಳ ಪಾಲು. ನಾವು ಅದನ್ನು ತಾಯಿಯ ತ್ಯಾಗ ಅಂತ ಹೊಗಳಿ, ತಾಯಂದಿರ ದಿನಕ್ಕೆ ಸ್ಟೇಟಸ್ ಹಾಕಿ, ಮತ್ತೆ ಮೊದಲು ಊಟಕ್ಕೆ ಕೂರುತ್ತೇವೆ. ಮಗುವಾದ ಮೇಲೆ ಕೆಲಸ ಬಿಡುವುದು ಯಾರು ಅನ್ನೋ ಚರ್ಚೆ ಎಷ್ಟೋ ಮನೆಗಳಲ್ಲಿ ಚರ್ಚೆ ಆಗುವುದೇ ಇಲ್ಲ. ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಊರಲ್ಲೇ ಉಳಿದ ತಮ್ಮನಿಗೆ "ನಿಂದೇನಪಾ, ಆರಾಮ" ಅನ್ನುತ್ತೇವೆ. ಟೀಮಿನಲ್ಲಿ ಹಬ್ಬದ ದಿನ ಆನ್‌ಕಾಲ್ ಇರುವವರು ಪ್ರತಿ ವರ್ಷ ಅದೇ ಹೊಸ ಹುಡುಗರು.

ಇವು ತ್ಯಾಗವೋ, ಇಲ್ಲ ನಾವು ಕೊಟ್ಟ ಹಾರವೋ? ಗ್ವಾದಲಿಯ ಕಥೆಯನ್ನು ಅಳತೆಗೋಲು ಮಾಡಿಕೊಂಡರೆ ಮೂರು ಪ್ರಶ್ನೆ ಕೇಳಬಹುದು.

ಒಂದು, ಕೊಡುತ್ತಿರುವವರಿಗೆ 'ಒಲ್ಲೆ' ಅನ್ನುವ ಸ್ವಾತಂತ್ರ್ಯ ಇದೆಯಾ? ಇಲ್ಲದಿದ್ದರೆ ಅದು ಬಲಿ.

ಎರಡು, ಹೆಚ್ಚು ಬಲ ಇರುವವರು ಕೊಡುತ್ತಿದ್ದಾರಾ, ಕಡಿಮೆ ಬಲ ಇರುವವರಾ? ಕ್ರಿಸ್‌ಮಸ್‌ನಲ್ಲಿ ಮೇಲಿನವನು ಕೆಳಗೆ ಬಂದ. ಮನೆಯಲ್ಲಿ, ಆಫೀಸಿನಲ್ಲಿ ಮೇಲಿರುವವರು ನೀವಾಗಿದ್ದರೆ ಮೊದಲ ಸರದಿ ನಿಮ್ಮದು.

ಮೂರು, ಅದರಿಂದ ಇನ್ನೊಬ್ಬರಿಗೆ ಜೀವ ಬರುತ್ತಿದೆಯಾ, ಇಲ್ಲ ಬರೀ ನಮ್ಮ ಆರಾಮ ಹೆಚ್ಚುತ್ತಿದೆಯಾ? ಹೊಡೆತ ತಿಂದುಕೊಂಡು ಸುಮ್ಮನಿರು ಅಂತ ಹೆಣ್ಣುಮಗಳಿಗೆ ಶಿಲುಬೆಯ ಹೆಸರಿನಲ್ಲಿ ಬುದ್ಧಿ ಹೇಳುವವರೂ ಇದ್ದಾರೆ. ಶಿಲುಬೆಗೆ ಆ ಅರ್ಥವಿಲ್ಲ. ಅದು ಬಲವಂತದ ಬಲಿಯನ್ನು ನಿಲ್ಲಿಸಲು ಬಂದದ್ದು, ಇನ್ನೊಂದನ್ನು ಸೇರಿಸಲು ಅಲ್ಲ.

ಈ ಡಿಸೆಂಬರಿನಲ್ಲಿ ಏನು ಮಾಡಬಹುದು?

ದೊಡ್ಡದೇನೂ ಬೇಕಾಗಿಲ್ಲ. ನೀವು ಕ್ರೈಸ್ತರಾಗಿರಲೇಬೇಕು ಅಂತಲೂ ಇಲ್ಲ.

ಸೀಕ್ರೆಟ್ ಸಾಂಟಾಕ್ಕೆ ಐನೂರು ರೂಪಾಯಿ ಕೊಡುವುದು ಸುಲಭ. ಸಮಯ ಕೊಡುವುದು ಕಷ್ಟ. ಈ ವಾರ ಯಾರಿಗಾದರೂ ನಿಮ್ಮ ಒಂದು ಭಾನುವಾರ ಕೊಡಿ. ಆಸ್ಪತ್ರೆಯಲ್ಲಿರುವ ಸಂಬಂಧಿಕರ ಪಕ್ಕ ಒಂದು ರಾತ್ರಿ ಕೂತು, ಅಲ್ಲಿ ದಿನವೂ ಕೂರುವವರಿಗೆ ನಿದ್ದೆ ಕೊಡಿ.

ಊರಿಗೆ ಹೋದಾಗ ನಿಮ್ಮ ಹೊಲದಲ್ಲೇ ಕಬ್ಬು ಕಡಿಯುವ ಗ್ಯಾಂಗು ಬಂದಿದ್ದರೆ, ಅವರ ಮಕ್ಕಳ ಹೆಸರು ಕೇಳಿ. ಕುಡಿಯುವ ನೀರು ಎಲ್ಲಿಂದ ತರುತ್ತಾರೆ ಅಂತ ನೋಡಿ. ಚಳಿಗೆ ಹೊದಿಕೆ ಇದೆಯಾ? ಬಾಣಂತಿ ಯಾರಾದರೂ ಇದ್ದರೆ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ. ಹಳೇ ಬಟ್ಟೆ ಕೊಟ್ಟು ಫೋಟೊ ತೆಗೆಯುವುದಕ್ಕಿಂತ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದು ದೊಡ್ಡದು.

ಮನೆಯಲ್ಲಿ ಒಂದು ದಿನ ಊಟ ಬಡಿಸಿ. ಅವ್ವ, ಹೆಂಡತಿ, ಅತ್ತಿಗೆ ಮೊದಲು ಕೂರಲಿ, ತಳದಲ್ಲಿ ಉಳಿದದ್ದು ನಿಮಗಿರಲಿ. ನಗು ಬಂದೀತು, "ಏನಾತೋ ಇವಗ" ಅಂದಾರು. ಅನ್ನಲಿ ಬಿಡಿ.

ಡಿಸೆಂಬರ್ 24ರ ರಾತ್ರಿ ಹತ್ತಿರದ ಚರ್ಚಿಗೆ ಹೋಗಿ ಬನ್ನಿ. ಅಂಗಳದಲ್ಲಿ ಮಾಡಿಟ್ಟ ಗೋದಲಿಯನ್ನು ಹತ್ತಿರದಿಂದ ನೋಡಿ. ಕುರಿ, ಎತ್ತು, ಹುಲ್ಲು, ಕುರಿಗಾಹಿ ಎಲ್ಲರೂ ಅಲ್ಲಿರುತ್ತಾರೆ. ಅನೇಕ ಕಡೆ ನಡುವಿನ ಜಾಗವನ್ನು ಪೂಜೆಯ ಹೊತ್ತಿನವರೆಗೂ ಖಾಲಿ ಇಟ್ಟಿರುತ್ತಾರೆ, ಆಮೇಲೆ ಕೂಸನ್ನು ತಂದು ಮಲಗಿಸುತ್ತಾರೆ. ಸುತ್ತ ನಿಂತವರಲ್ಲಿ ಹೊಸ ಸೀರೆಯುಟ್ಟ ಅಜ್ಜಿಯರು, ನಿದ್ದೆಗಣ್ಣಿನ ಮಕ್ಕಳು, ರಾತ್ರಿ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದ ನರ್ಸುಗಳು. ಆ ಕೂಸನ್ನು ನೋಡಲು ಅವರೆಲ್ಲರೂ ಬಗ್ಗಲೇಬೇಕು. ಗ್ವಾದಲಿ ಇರುವುದೇ ನೆಲಕ್ಕೆ ಹತ್ತಿರ.